ನಿಧಾನಿಯ ಪರವಾಗಿ

ಕಾಲೇಜಿನ ಮೂರನೇ ಮಹಡಿಯ ಆ ತರಗತಿಯಲ್ಲಿ ಪ್ರೆಸೆಂಟೇಶನ್ ಎಂದರೆ ಎಲ್ಲರಿಗೂ ಜ್ವರ ಬಂದ ಹಾಗಾಗುತ್ತಿತ್ತು. ಮೇಷ್ಟ್ರು ಹಾಜರಿ ಪುಸ್ತಕದ ಮೇಲೆ ಬೆರಳಾಡಿಸುತ್ತ "ಇವತ್ತು ಯಾರು?" ಎಂದರೆ ಸಾಕು, ಕೈಯಲ್ಲೇ ಇದ್ದ ಪೆನ್ನನ್ನು ಬೆಂಚಿನ ಕೆಳಗೆ ಹುಡುಕುವವರೇ ಎಲ್ಲ. ಕತ್ತು ಉದ್ದ ಮಾಡಿ ಮೇಷ್ಟ್ರ ಕಣ್ಣಿಗೆ ಬೀಳುವಂತೆ ಕೂರುತ್ತಿದ್ದವಳು ಒಬ್ಬಳೇ. ಪರದೆಯ ಮೇಲೆ ಚಿತ್ರ ಮೂಡಲಿ ಬಿಡಲಿ, ಕರೆಂಟು ಇರಲಿ ಹೋಗಲಿ, ಎದುರಿಗೆ ನಿಂತಳೆಂದರೆ ಅರಳು ಹುರಿದಂತೆ ಮಾತು. ಒಮ್ಮೆ ತನ್ನದಲ್ಲದ ಪ್ರೆಸೆಂಟೇಶನ್ನಿನ ಚಿತ್ರಗಳು ಪರದೆಗೆ ಬಂದುಬಿಟ್ಟಾಗಲೂ ನಿಲ್ಲಿಸದೆ ಅದನ್ನೇ ವಿವರಿಸಿ ಅಂಕ ಗಿಟ್ಟಿಸಿದ್ದಳು.

ತರಗತಿ ಅವಳಿಗೆ ವಕೀಲಮ್ಮ ಎಂದು ಹೆಸರಿಟ್ಟಿತ್ತು. ಆದರೆ ಆ ಹೆಸರು ಬಂದದ್ದು ಪ್ರೆಸೆಂಟೇಶನ್ನಿನಿಂದಲ್ಲ, ಗುಂಪು ಚರ್ಚೆಯಿಂದ. ನಾಲ್ಕು ಜನ ಒಂದು ಮೇಜಿನ ಸುತ್ತ ಕೂತು ಕೊಟ್ಟ ವಿಷಯದ ಮೇಲೆ ಮಾತಾಡಬೇಕು, ಮೇಷ್ಟ್ರು ಮೂಲೆಯಲ್ಲಿ ಕೂತು ಅಂಕ ಹಾಕುತ್ತಾರೆ. ವಕೀಲಮ್ಮನ ಗುಂಪಿನಲ್ಲಿ ಒಬ್ಬ ಅಂಕಿಅಂಶ. ವಿಷಯ ಏನೇ ಇರಲಿ, "ಶೇಕಡಾ ಅರವತ್ತೆರಡು ಜನ" ಎಂದೇ ಅವನು ಬಾಯಿ ತೆರೆಯುವುದು. ಆ ಅರವತ್ತೆರಡು ಎಲ್ಲಿಂದ ಬಂತಪ್ಪಾ ಎಂದು ಕೇಳಿದರೆ ಮರುಮಾತಿಲ್ಲದೆ ಅರವತ್ತಕ್ಕೆ ಇಳಿಯುತ್ತಿದ್ದ. ಇನ್ನೊಬ್ಬ ಹೌದಪ್ಪ. ಎದುರುಬದುರು ಕಿತ್ತಾಡುವ ಇಬ್ಬರಿಗೂ ಒಂದೇ ಉಸಿರಿನಲ್ಲಿ ಹೌದು ಎನ್ನಬಲ್ಲ ಪುಣ್ಯಾತ್ಮ. ನಾಲ್ಕನೆಯವಳೇ ನಿಧಾನಿ, ವಕೀಲಮ್ಮನ ಜೀವದ ಗೆಳತಿ.

ನಿಧಾನಿಗೆ ಉಗ್ಗು ಇರಲಿಲ್ಲ, ಹೇಳಿಕೊಳ್ಳುವಂಥ ನಾಚಿಕೆಯೂ ಇರಲಿಲ್ಲ. ಮಾತು ನಿಧಾನ, ಅಷ್ಟೆ. ಒಂದು ವಾಕ್ಯ ಶುರು ಮಾಡುತ್ತಿದ್ದಳು, ನಡುವೆ ನಿಂತು ಕಿಟಕಿಯ ಕಡೆ ನೋಡುತ್ತಿದ್ದಳು, ತನಗೆ ಬೇಕಾದ ಮಾತು ಸಿಕ್ಕಿದ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದಳು. ಚಪ್ಪಲಿ ಕೊಳ್ಳುವುದೂ ಹಾಗೆಯೇ. ಅಂಗಡಿಯವನು ಇಡೀ ಗೋಡೆ ಇಳಿಸಿ ಸುಸ್ತಾಗಿ ಕೂತ ಮೇಲೆ ಮೊದಲು ತೋರಿಸಿದ ಜೊತೆಯನ್ನೇ ಕೈಗೆತ್ತಿಕೊಳ್ಳುವ ಪೈಕಿ. ಚರ್ಚೆಯಲ್ಲಿ ಅವಳು "ನನಗೇನನ್ಸುತ್ತೆ ಅಂದ್ರೆ..." ಎಂದು ಶುರು ಮಾಡಿ ಕಿಟಕಿಯ ಕಡೆ ತಿರುಗಿದ್ದೇ ತಡ, ವಕೀಲಮ್ಮ ನುಗ್ಗುತ್ತಿದ್ದಳು.

"ಇವಳು ಹೇಳೋಕೆ ಹೊರಟಿರೋದು ಏನಂದ್ರೆ," ಎಂದು ಹಿಡಿದಳೆಂದರೆ ನಿಧಾನಿಯ ವಾಕ್ಯಕ್ಕೆ ಬಾಲ, ರೆಕ್ಕೆ ಎಲ್ಲ ಹಚ್ಚಿ ಹಾರಿಸಿಯೇ ಬಿಡುತ್ತಿದ್ದಳು. ಕೊನೆಗೆ "ಅಲ್ವೇನೇ?" ಎಂದು ಕೇಳುತ್ತಿದ್ದಳು. ನಿಧಾನಿ ಉತ್ತರ ಹುಡುಕುವಷ್ಟರಲ್ಲಿ ಹೌದಪ್ಪ ಹೌದು ಎಂದಿರುತ್ತಿದ್ದ. ಇದರಲ್ಲಿ ವಕೀಲಮ್ಮನಿಗೆ ಒಂದಿಷ್ಟೂ ಕೆಟ್ಟ ಮನಸ್ಸಿರಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳಬಹುದು. ಗೆಳತಿ ನಡುನೀರಿನಲ್ಲಿ ಸಿಕ್ಕಿಕೊಂಡಿದ್ದಾಳೆ, ತಾನು ದಡ ಮುಟ್ಟಿಸುತ್ತಿದ್ದೇನೆ ಎಂದೇ ಅವಳು ನಂಬಿದ್ದಳು.

ಈ ಅಭ್ಯಾಸ ಅವಳಿಗೆ ಬಂದದ್ದು ಮನೆಯಿಂದ. ಅಮ್ಮ ಹಲ್ಲಿನ ಡಾಕ್ಟರು. ಮನೆಯ ಕೆಳಗಿನ ಭಾಗವೇ ಕ್ಲಿನಿಕ್ಕು. ಹಲ್ಲಿನ ಡಾಕ್ಟರುಗಳಿಗೆ ಒಂದು ವಿಚಿತ್ರ ಚಟ ಇರುತ್ತದೆ: ಬಾಯಿಗೆ ಕನ್ನಡಿ, ಕೊಳವೆ, ಹತ್ತಿ ಎಲ್ಲ ತುರುಕಿದ ಮೇಲೆಯೇ ಅವರಿಗೆ ಕುಶಲ ವಿಚಾರಿಸಬೇಕೆನಿಸುವುದು. "ಮಗಳ ಮದುವೆ ಆಯ್ತಾ?" ಎಂದು ಅಮ್ಮ ಕೇಳುವಳು. ಕುರ್ಚಿಯಲ್ಲಿ ಮಲಗಿದವರು "ಆಂ" ಎನ್ನುವರು. "ಆಯ್ತಾ, ಒಳ್ಳೇದಾಯ್ತು. ಅಳಿಯ ಇದೇ ಊರಿನೋರಾ? ಹೌದಾ, ಹತ್ರ ಇದ್ರೆ ಅನುಕೂಲ," ಎಂದು ಎರಡೂ ಕಡೆಯ ಮಾತನ್ನು ಅಮ್ಮನೇ ಆಡಿ ಮುಗಿಸುವಳು. ವಕೀಲಮ್ಮ ಆ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತ ಬೆಳೆದವಳು. ಸಂಭಾಷಣೆ ಎಂದರೆ ಹೀಗೇ ಇರುತ್ತದೆ ಎಂದು ಅವಳು ತಿಳಿದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೆಮಿಸ್ಟರಿನ ಕೊನೆಯ ಚರ್ಚೆಗೆ ಒಂದು ವಾರ ಇದ್ದಾಗ ಮೇಷ್ಟ್ರು ಅವಳನ್ನು ಸ್ಟಾಫ್ ರೂಮಿಗೆ ಕರೆದರು. ಹೊಗಳುವುದಕ್ಕೇ ಇರಬೇಕೆಂದು ಜಡೆ ಸರಿಮಾಡಿಕೊಂಡು ಹೋದಳು.

"ಮುಂದಿನ ಸೆಮಿಸ್ಟರ್‌ಗೆ ನಿಮ್ಮ ಗುಂಪಿಗೆ ಬೇರೆಯೋರನ್ನ ಹಾಕ್ಬೇಕು," ಎಂದರು ಮೇಷ್ಟ್ರು. "ನಿನ್ನ ಗೆಳತಿ ಗುಂಪು ಬದಲಾಯಿಸಿ ಕೊಡಿ ಅಂತ ಕೇಳಿದಾಳೆ."

"ಯಾಕಂತೆ ಸಾರ್?"

"ಹೇಳ್ತಾ ಇದ್ಳು. ಅಷ್ಟರಲ್ಲಿ ಬೆಲ್ ಆಯ್ತು."

ಅಂದಿನ ಪಾಠ ಯಾವುದೂ ಅವಳ ತಲೆಗೆ ಹೋಗಲಿಲ್ಲ. ಮೊದಲ ವರ್ಷದ ಮೊದಲ ದಿನ ಒಂದೇ ಬೆಂಚಿನಲ್ಲಿ ಕೂತವರು, ಅಂದಿನಿಂದ ಒಂದೇ ಬಸ್ಸು, ಒಂದೇ ಕೊಡೆ. ನಿಧಾನಿ ಇಲ್ಲದ ಮೇಜನ್ನು ನೆನೆಸಿಕೊಂಡರೆ ಅಳು ಬರುವಂತಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟಳು.

"ನನ್ನ ಮೇಲೆ ಕೋಪಾನಾ?"

"ಕೋಪ ಅಲ್ಲ," ಎಂದಳು ನಿಧಾನಿ. "ನೀನು..." ಎಂದು ಕಿಟಕಿಯ ಕಡೆ ತಿರುಗಿದಳು.

"ಅಂಕ ಕಮ್ಮಿ ಬರ್ತಿದೆ ಅಂತ ತಾನೆ? ಗೊತ್ತು ಬಿಡು. ನನಗೆ ಹೆಚ್ಚು, ನಿನಗೆ ಕಮ್ಮಿ, ಬೇಜಾರಾಗೋದು ಸಹಜ. ಈ ಸಲ ನೋಡು, ನಿನ್ನ ಪರವಾಗಿ ಹೇಗೆ ಮಾತಾಡ್ತೀನಿ ಅಂದ್ರೆ, ಮೇಷ್ಟ್ರು ನಿನಗೇ ಜಾಸ್ತಿ ಹಾಕ್ಬೇಕು."

ನಿಧಾನಿ ಗೆಳತಿಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ನಿಲ್ದಾಣ ಇನ್ನೂ ದೂರವಿದ್ದರೂ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು.

ವಕೀಲಮ್ಮ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದಾಗ ಅಮ್ಮ ಕೆಲಸದಲ್ಲಿದ್ದಳು. ಕುರ್ಚಿಯಲ್ಲಿ ಹೊಲಿಗೆ ಅಂಗಡಿಯಾತ ಮಲಗಿದ್ದ. ಅಮ್ಮ ಅವನ ಎಡಗಡೆಯ ಹಲ್ಲುಗಳನ್ನು ಉಜ್ಜುತ್ತ, ವ್ಯಾಪಾರ ಹೇಗಿದೆ ಎಂದು ಕೇಳಿ, ಪರವಾಗಿಲ್ಲ ಎಂದು ತಾನೇ ಹೇಳಿ, ಹೊಸ ಮಿಷನ್ ತಗೊಂಡಿರಾ ಎಂದು ಕೇಳಿ, ತಗೊಳ್ಳಿ ತಗೊಳ್ಳಿ ಎಂದು ತಾನೇ ಉತ್ತೇಜನ ಕೊಡುತ್ತಿದ್ದಳು. ಆತ ಕೈ ಎತ್ತುತ್ತಿದ್ದ, ಕಣ್ಣು ಅಗಲಿಸುತ್ತಿದ್ದ, "ಆಂ ಆಂ" ಎನ್ನುತ್ತಿದ್ದ. "ಹೆದರ್ಕೋಬೇಡಿ, ಮುಗಿದೇ ಹೋಯ್ತು," ಎನ್ನುತ್ತಿದ್ದಳು ಅಮ್ಮ. ಕೊನೆಗೆ ಕೊಳವೆ ಹೊರಬಂದಾಗ ಆತ ಬಾಯಿ ಒರೆಸಿಕೊಂಡು ಹೇಳಿದ:

"ಡಾಕ್ಟ್ರೇ, ಆಗಿಂದ ಹೇಳ್ತಾನೇ ಇದ್ದೀನಿ. ನೋವಿರೋದು ಆ ಕಡೆ."

"ಮೊದಲೇ ಹೇಳೋದಲ್ವಾ?" ಎಂದಳು ಅಮ್ಮ, ಒಂಚೂರೂ ಅಳುಕದೆ. ಆತ ಮತ್ತೆ ಕುರ್ಚಿಗೆ ಒರಗಿ ಬಾಯಿ ತೆರೆದ.

ಅಮ್ಮ ಕೈಗವಸು ಬದಲಿಸಲು ಈಚೆ ಬಂದಾಗ ವಕೀಲಮ್ಮ ದುಃಖ ತೋಡಿಕೊಳ್ಳಲು ಹೊರಟಳು. "ಅಮ್ಮಾ, ನನ್ನ ಫ್ರೆಂಡು ನನ್ನನ್ನ..."

"ಸಿನಿಮಾಕ್ಕೆ ಕರೆದ್ಳಾ? ಪರೀಕ್ಷೆ ಮುಗೀಲಿ."

"ಸಿನಿಮಾ ಅಲ್ಲಮ್ಮ. ಅವಳು ಮುಂದಿನ ಸೆಮಿಸ್ಟರಿಂದ..."

"ಹಾಸ್ಟೆಲ್‌ಗೆ ಸೇರ್ತಾಳಾ? ಒಳ್ಳೇದೇ. ಬಸ್ಸಿನ ತಾಪತ್ರಯ ತಪ್ಪುತ್ತೆ," ಎಂದು ಅಮ್ಮ ಒಳಗೆ ಹೋಗಿಯೂ ಆಯಿತು.

ವಕೀಲಮ್ಮ ಕೈಗವಸಿನ ಡಬ್ಬದ ಮುಂದೆ ಬಾಯಿ ತೆರೆದುಕೊಂಡೇ ನಿಂತಳು. ಹೇಳಬೇಕಾದ್ದು ಗಂಟಲಲ್ಲೇ ಉಳಿದಿತ್ತು, ಅದರ ಬದಲು ಇನ್ಯಾವುದೋ ಮಾತು ಅವಳ ಹೆಸರಿನಲ್ಲಿ ಹೊರಗೆ ಹೋಗಿತ್ತು. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಬಸ್ಸಿನಲ್ಲಿ ಎದ್ದು ನಿಂತ ನಿಧಾನಿಯ ಮುಖ ನೆನಪಿಗೆ ಬಂತು. ಮೆಟ್ಟಿಲು ಹತ್ತಿ ಕೋಣೆಗೆ ಹೋಗಿ, ಮಂಚದ ಮೇಲೆ ಕೂತು, ನಿಧಾನಿ ಇದುವರೆಗೆ ಚರ್ಚೆಗಳಲ್ಲಿ ಏನೇನು ಹೇಳಿದ್ದಾಳೆ ಎಂದು ನೆನಪಿಸಿಕೊಳ್ಳಲು ನೋಡಿದಳು. "ನನಗೇನನ್ಸುತ್ತೆ ಅಂದ್ರೆ" ಎಂಬ ಆರಂಭಗಳು ಬೇಕಾದಷ್ಟು ನೆನಪಾದವು. ನಿಧಾನಿಯ ಬಾಯಲ್ಲೇ ಮುಗಿದದ್ದು ಒಂದೂ ನೆನಪಾಗಲಿಲ್ಲ. ಆಗ ಅವಳಿಗೆ ನಿಜಕ್ಕೂ ನಾಚಿಕೆಯಾಯಿತು.

ಚರ್ಚೆಯ ದಿನ ಬಂತು. ಬರೆಯುವ ಪರೀಕ್ಷೆಯನ್ನು ತೆಗೆದುಹಾಕಿ ಬರೀ ಪ್ರೆಸೆಂಟೇಶನ್ನು, ಗುಂಪು ಚರ್ಚೆಗಳಿಗೇ ಅಂಕ ಕೊಡಬಹುದೇ ಎಂಬುದು ವಿಷಯ. ಬಾಯಿ ತೆರೆಯುವುದಿಲ್ಲ ಎಂದು ವಕೀಲಮ್ಮ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಹಾಗಂತ ತಲೆ ಸುಮ್ಮನಿರುತ್ತದೆಯೇ? ಮೆಲ್ಲಗೆ ಮಾತಾಡುವವರಿಗೆ ಬರವಣಿಗೆಯೇ ಆಸರೆ, ಪರೀಕ್ಷೆ ಹೋದರೆ ನಿಧಾನಿಯಂಥವರ ಗತಿ ಏನು ಎಂದು ಕಲ್ಲೂ ಕರಗುವಂಥ ಒಂದು ಭಾಷಣ ತನ್ನಷ್ಟಕ್ಕೆ ತಾನೇ ಒಳಗೆ ತಯಾರಾಗಿ ಕೂತಿತ್ತು.

"ಶೇಕಡಾ ಅರವತ್ತೆರಡು ವಿದ್ಯಾರ್ಥಿಗಳು ಪರೀಕ್ಷೆ ಬೇಡ ಅಂತಾರೆ," ಎಂದು ಅಂಕಿಅಂಶ ಚಾಲನೆ ಕೊಟ್ಟ. ಹೌದಪ್ಪ ಹೌದು ಎಂದ. ಉಳಿದ ಮೂವತ್ತೆಂಟು ಜನ ಹೇಳುವುದರಲ್ಲೂ ಅರ್ಥವಿದೆ ಎಂದು ಅವನೇ ಸೇರಿಸಿದ.

ನಿಧಾನಿ ಮುಂದಕ್ಕೆ ಬಾಗಿದಳು. "ನನಗೆ ಬರೆಯೋ ಪರೀಕ್ಷೇಲಿ ಒಳ್ಳೇ ಅಂಕ ಬರುತ್ತೆ. ಅದಕ್ಕೇ..." ಎಂದು ಕಿಟಕಿಯ ಕಡೆ ನೋಡಿದಳು.

ಅದಕ್ಕೇ ಪರೀಕ್ಷೆ ಇರಲಿ. ಎಷ್ಟು ಸುಲಭದ ಮಾತು. ವಕೀಲಮ್ಮನ ನಾಲಿಗೆಯ ತುದಿಯಲ್ಲಿ ಅದು ಕುಣಿಯುತ್ತಿತ್ತು. ಅವಳು ಹಲ್ಲು ಕಚ್ಚಿ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಗಾಡಿ ಯಾಕೆ ನಿಂತಿತು ಎಂಬಂತೆ ಹೌದಪ್ಪ ಅವಳತ್ತ ನೋಡಿದ, ಆಮೇಲೆ ಮೇಜಿನ ಕೆಳಗೆ ಅವಳ ಕಾಲು ತುಳಿದ. ಅಂಕಿಅಂಶ "ಶೇಕಡಾ" ಎಂದು ಬಾಯಿ ತೆರೆದ. ವಕೀಲಮ್ಮ ತೊಡೆಯ ಕೆಳಗಿನ ಒಂದು ಕೈ ಈಚೆ ತೆಗೆದು ಅವನತ್ತ ಅಡ್ಡ ಹಿಡಿದಳು. ಮೂಲೆಯಲ್ಲಿದ್ದ ಮೇಷ್ಟ್ರು ತಲೆ ಎತ್ತಿದರು.

"ಅದಕ್ಕೇ ನಾನು ಪರೀಕ್ಷೆ ಬೇಡ ಅನ್ನೋದು," ಎಂದಳು ನಿಧಾನಿ.

ವಕೀಲಮ್ಮ ಕಣ್ಣು ಕಣ್ಣು ಬಿಟ್ಟಳು. ಹೌದಪ್ಪನಿಗೆ ಹೌದು ಎನ್ನುವುದೇ ಮರೆತುಹೋಯಿತು.

"ಬರೆದಿದ್ದಕ್ಕೆ ಯಾರೂ ಎದುರು ಮಾತಾಡಲ್ಲ," ಎಂದು ನಿಧಾನಿ ಮುಂದುವರಿಸಿದಳು. ನಿಂತಳು, ಹುಡುಕಿದಳು, ಮತ್ತೆ ಹೊರಟಳು. "ಅಂಕ ಹಾಕಿ ಕಟ್ಟಿ ಇಟ್ಬಿಡ್ತಾರೆ. ನಾನು ಹೇಳಿದ್ದು ತಪ್ಪು ಅಂತಾದ್ರೂ ಯಾರಾದ್ರೂ ನನ್ನ ಮುಖ ನೋಡ್ಕೊಂಡು ಹೇಳ್ಬೇಕು. ಆಮೇಲೆ ನಾನು ಅದಕ್ಕೊಂದು ಹೇಳ್ಬೇಕು. ನಿಧಾನ ಆಗುತ್ತೆ, ಆಗ್ಲಿ. ನನಗೆ... ಮಾತಾಡೋದಂದ್ರೆ ತುಂಬಾ ಇಷ್ಟ."

ವಕೀಲಮ್ಮನ ಒಳಗೆ ತಯಾರಾಗಿದ್ದ ಭಾಷಣ ಹೇಳಹೆಸರಿಲ್ಲದಂತಾಯಿತು. ಇವಳಿಗೆ ಮಾತೆಂದರೆ ಕಷ್ಟ, ಪಾಪ ಎಂದೇ ಅವಳು ಇಷ್ಟು ದಿನ ಅಂದುಕೊಂಡಿದ್ದದ್ದು. ಇಷ್ಟ ಎಂದು ಯಾರಿಗೆ ಗೊತ್ತಿತ್ತು? ಅವಳು ತಲೆ ತಗ್ಗಿಸಿ ಮೇಜಿನ ಮೇಲಿನ ಇಂಕಿನ ಕಲೆ ನೋಡುತ್ತ ಕೂತಳು. ತನ್ನ ಸರದಿ ಬಂದಾಗ ಎರಡೇ ಎರಡು ಮಾತು ಹೇಳಿದಳು, ಅವೂ ತೊದಲಿದವು. ಅಂದು ಅವಳಿಗೆ ಬಂದಷ್ಟು ಕಡಿಮೆ ಅಂಕ ಆ ಮೇಜಿನಲ್ಲಿ ಯಾರಿಗೂ ಬರಲಿಲ್ಲ.

ತರಗತಿ ಮುಗಿದ ಮೇಲೆ ಇಬ್ಬರೂ ಕಾಲೇಜಿನ ಮುಂದಿನ ಮೆಟ್ಟಿಲ ಮೇಲೆ ಬಸ್ಸಿಗೆ ಕಾಯುತ್ತ ನಿಂತರು.

"ಮುಂದಿನ ಸೆಮಿಸ್ಟರ್ ಯಾವ ಗುಂಪು?" ಎಂದು ಕೇಳಿ ವಕೀಲಮ್ಮ ಬಾಯಿ ಮುಚ್ಚಿಕೊಂಡಳು.

"ನಾನು..." ಎಂದಳು ನಿಧಾನಿ. ರಸ್ತೆಯ ಆಚೆ ಒಬ್ಬಾತ ಅಂಗಡಿಯ ಗಾಜು ಒರೆಸುತ್ತಿದ್ದ. ನಿಧಾನಿ ಅವನನ್ನು ನೋಡುತ್ತ ನಿಂತಳು. ಇಲ್ಲೇ ಇರ್ತೀನಿ ಎನ್ನುತ್ತಾಳೆ, ಇಲ್ಲವೇ ಹೋಗ್ತೀನಿ ಎನ್ನುತ್ತಾಳೆ. ಎರಡೇ ಉತ್ತರ ಸಾಧ್ಯ, ಎರಡೂ ವಕೀಲಮ್ಮನ ಬಾಯಲ್ಲಿ ಸಿದ್ಧವಾಗಿದ್ದವು. ಎರಡನ್ನೂ ಅವಳು ಉಗುಳಿನ ಜೊತೆ ನುಂಗಿದಳು. ಅವರ ಬಸ್ಸು ಬಂತು. ಇಬ್ಬರೂ ಕದಲಲಿಲ್ಲ. ಬಸ್ಸು ಹೋಯಿತು.

"ಹೋಗ್ತೀನಿ," ಎಂದಳು ನಿಧಾನಿ.

ವಕೀಲಮ್ಮನ ಕಣ್ಣು ತುಂಬಿಬಂತು. ಕ್ಷಮಿಸು, ಇನ್ನು ಮೇಲೆ ಹಾಗೆ ಮಾಡಲ್ಲ, ಒಂದೇ ಒಂದು ಅವಕಾಶ ಕೊಡು ಎಂದು ಗೋಗರೆಯಬೇಕೆನಿಸಿತು. ಆದರೆ ನಿಧಾನಿ ಇನ್ನೂ ಗಾಜು ಒರೆಸುವವನನ್ನೇ ನೋಡುತ್ತಿದ್ದಳು. ಮಾತು ಮುಗಿದಿಲ್ಲ ಎಂದು ವಕೀಲಮ್ಮನಿಗೆ ಮೊದಲ ಸಲ ಗೊತ್ತಾಯಿತು. ಅವಳು ಕಾದಳು.

"ಮುಂದಿನ ಸಲ ಎರಡೆರಡು ಗುಂಪನ್ನ ಎದುರುಬದುರು ಕೂರಿಸ್ತಾರಂತೆ," ಎಂದಳು ನಿಧಾನಿ. "ನಾನು ನಿನ್ನೆದುರಿಗೆ ಕೂರ್ಬೇಕು. ಪಕ್ಕದಲ್ಲಿ ಕೂತ್ರೆ ಆಗಲ್ಲ. ನೀನು ಹೇಳೋದ್ರಲ್ಲಿ ಅರ್ಧಕ್ಕರ್ಧ ನಾನು ಒಪ್ಪಲ್ಲ ಕಣೇ. ಮೊದಲನೇ ವರ್ಷದಿಂದಾನೇ ಒಪ್ಪಿಲ್ಲ."

"ಅರ್ಧಕ್ಕರ್ಧಾನಾ?"

"ಜಾಸ್ತೀನೇ ಇರ್ಬೇಕು."

ವಕೀಲಮ್ಮನಿಗೆ ಅಳು ಬರಬೇಕಿತ್ತು, ನಗು ಬಂದುಬಿಟ್ಟಿತು. "ಯಾವುದ್ಯಾವುದು, ಹೇಳು," ಎಂದು ಮೆಟ್ಟಿಲ ಮೇಲೆ ಕೂತಳು.

ನಿಧಾನಿಯೂ ಕೂತಳು. ಚೀಲ ಇಳಿಸಿದಳು, ಆರಾಮಾಗಿ ಕಾಲು ಚಾಚಿದಳು. "ಮೊದಲನೇದು," ಎಂದು ರಸ್ತೆಯಾಚೆಯ ಅಂಗಡಿಯ ಕಡೆ ತಿರುಗಿದಳು. ಮುಂದಿನ ಬಸ್ಸು ಬಂತು, ಅದೂ ಹೋಯಿತು. ಏನೇನು ಕೇಳಿಸಿಕೊಳ್ಳಬೇಕಾಗುತ್ತದೋ ಎಂದು ವಕೀಲಮ್ಮನಿಗೆ ಒಳಗೊಳಗೇ ಅಳುಕಿತ್ತು. ಆದರೂ ಇಷ್ಟು ಖುಷಿಯಿಂದ ಅವಳು ಯಾರ ಮಾತಿಗೂ ಕಾದಿರಲಿಲ್ಲ.