ಗಡಿಗಲ್ಲಿಗೆ ಎರಡನೇ ಹಾರ

೧
ಹೇಗೆ ಶುರು ಮಾಡಲಿ? ಪತ್ರಿಕೆಯ ಅಭ್ಯಾಸದಂತೆ ಯಾರು, ಎಲ್ಲಿ, ಯಾವಾಗ? ಸರಿ. ಸಕೂನಾ ಎಂಬ ಹೆಂಗಸು. ರೈನ್ ನದಿಯಾಚೆ, ರೋಮನ್ ಸಾಮ್ರಾಜ್ಯದ ಕಟ್ಟಕಡೆಯ ಹೊಲ. ಕ್ರಿ.ಶ. ಎರಡನೇ ಶತಮಾನದ ಒಂದು ಫೆಬ್ರವರಿ, ಗಡಿದೇವರ ಹಬ್ಬ.

(ಮೊದಲ ಡ್ರಾಫ್ಟಿನಲ್ಲಿ ಕಲ್ಲಿನ ಗೋಡೆ ಕಟ್ಟಿದ್ದೆ. ಆಗ ಅಲ್ಲಿದ್ದದ್ದು ಓಕ್ ದಿಮ್ಮಿಗಳ ಬೇಲಿ. ಗೋಡೆ ಕೆಡವಿದ್ದೇನೆ.)

೨
ಗಡಿಗಲ್ಲಿಗೆ ಈಚೆಯವರದೊಂದು ಹಾರ, ಆಚೆಯವರದೊಂದು ಹಾರ. ಮನೆಯಾಕೆ ಒಲೆಯ ಕೆಂಡವನ್ನು ಮಡಕೆಚೂರಿನಲ್ಲಿ ತರಬೇಕು. ಕೆಂಡ ಬಂದಮೇಲೆ, ಅದು ಆರುವವರೆಗೆ, ಸುತ್ತ ನಿಂತವರು ತುಟಿ ಬಿಚ್ಚುವಂತಿಲ್ಲ. ಕೊನೆಗೆ ಎರಡೂ ಮನೆಯವರಿಗೆ ಒಟ್ಟಿಗೇ ಊಟ.

ತೊಡಕೆಂದರೆ, ಸಕೂನಾಳ ಹೊಲದ ಕಲ್ಲೇ ಸಾಮ್ರಾಜ್ಯದ ಗಡಿ. ಆಚೆಯ ಹೊಲ ಜರ್ಮನ್ ರೈತ ಫ್ರಿಯಾತೋನದು. ಈ ಚಳಿಗಾಲ ಹಿಮದಲ್ಲಿ ಬಿದ್ದಿದ್ದ ಅವಳ ಗಂಡನನ್ನು ಹೆಗಲ ಮೇಲೆ ಹೊತ್ತು ತಂದವನು. ಆ ಉಪಕಾರ ನೆನೆದು ಹಬ್ಬಕ್ಕೆ ಕರೆದಿದ್ದಾಳೆ. ಬೇಲಿಯಲ್ಲಿ ಉಳಿದಿರುವ ಕೊನೆಯ ಸಂದಿಯೋ, ಇವತ್ತೇ ಮುಚ್ಚುತ್ತದೆ.

೩
ಆಚೆಮನೆಯವನನ್ನು ಒಳಗೆ ಬಿಡಿ ಎಂದು ಅವಳು ಕೇಳಿದ್ದಕ್ಕೆ, ಬೇಲಿ ಹಾಕಿಸುತ್ತಿದ್ದ ಸೈನಿಕ ಕಂದಿದುಸ್ ಅಡ್ಡಡ್ಡ ತಲೆಯಾಡಿಸಿದ. "ಆಚೆ ಯಾರೂ ಇಲ್ಲಮ್ಮ. ರೋಮಿಗೆ ಕೊನೆ ಅನ್ನೋದೇ ಇಲ್ಲ. ಅಂದ್ಮೇಲೆ ಆಚೆಮನೆಯೋರು ಎಲ್ಲಿಂದ ಬಂದ್ರು?"

"ಹಂಗಾದ್ರೆ ಈ ಬೇಲಿ ಯಾರಿಗಪ್ಪಾ? ಮೊಲಕ್ಕಾ?"

"ಅದೆಲ್ಲ ಮೇಲಿನೋರನ್ನ ಕೇಳಿ."

ಗಂಡ ಸೆನೀಲಿಸ್ ಇಪ್ಪತ್ತೈದು ವರ್ಷ ಸೈನ್ಯದಲ್ಲಿದ್ದವನು; ಅಪ್ಪಣೆ ಮೀರಿ ಗೊತ್ತಿಲ್ಲ. ಊರುಗೋಲು ನೋಡುತ್ತಾ ಗೊಣಗಿದ: "ಬಿಡೇ, ದೇವರು ಒಂದು ಹಾರಕ್ಕೂ ಒಪ್ಕೋತಾನೆ."

"ರೀ, ನಿಮ್ಮನ್ನ ಹೊತ್ಕೊಂಡು ಬಂದಾಗ ಗಡಿ ಬಂತು ಅಂತ ಇಳಿಸಿ ಹೋದ್ನಾ ಅವನು?"

ಸೆನೀಲಿಸ್ ಊರುಗೋಲೂರಿ ಗಡಿಗಲ್ಲಿನತ್ತ ಹೊರಟ.

೪
ನನ್ನಲ್ಲಿ ಮೂರು ಅಂತ್ಯಗಳಿದ್ದವು. ಒಂದರಲ್ಲಿ ಕಂದಿದುಸ್ ಫ್ರಿಯಾತೋನನ್ನು ಓಡಿಸುತ್ತಾನೆ (ನಂಬುವಂಥದ್ದು). ಇನ್ನೊಂದರಲ್ಲಿ ಎಲ್ಲರೂ ತಬ್ಬಿಕೊಂಡು ಅಳುತ್ತಾರೆ (ಸಂಪಾದಕರು ಹರಿದೆಸೆಯುವಂಥದ್ದು). ಮೂರನೆಯದಕ್ಕೆ ಬರುವಷ್ಟರಲ್ಲಿ ಸಕೂನಾ ನನ್ನತ್ತ ತಿರುಗಿದಳು.

"ಬರೆಯೋರೇ, ಆಚೆ ಅವನು ಚಳೀಲಿ ಕಾಯ್ತಿದಾನೆ. ಇನ್ನೂ ಎಷ್ಟು ಮಾತಾಡ್ತೀರಿ?"

"ಯಾವ ಅಂತ್ಯ ಬೇಕಮ್ಮ ನಿಮಗೆ?"

"ಅಂತ್ಯ ಯಾರು ಕೇಳಿದ್ರು? ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ, ಸಾಕು."

ಒಳಗೆ ಹೋದವಳು ಕೆಂಡ ತಂದೇಬಿಟ್ಟಳು.

೫
ದಿಮ್ಮಿಗಳ ನಡುವೆ ಉಳಿದಿದ್ದ ಸಂದಿಯಲ್ಲಿ ಫ್ರಿಯಾತೋ ಕಾಣಿಸಿಕೊಂಡ, ಕೈಯಲ್ಲಿ ಕಾಡುಹೂವಿನ ಹಾರ. 'ನಿಲ್ಲು' ಎನ್ನಲು ಬಾಯಿ ತೆರೆದ ಕಂದಿದುಸ್ ಕೆಂಡ ನೋಡಿ ಮುಚ್ಚಿಕೊಂಡ. ಗಡಿದೇವರ ಭಯ ಅವನಿಗೂ ಇತ್ತು. ಈಚೆಯ ಹಾರ ಎತ್ತಿಕೊಳ್ಳಲು ಸೆನೀಲಿಸ್ ಊರುಗೋಲು ಕೆಳಗಿಟ್ಟ. ಬೀಳುವಂತಾದಾಗ ಫ್ರಿಯಾತೋ ಮತ್ತೊಮ್ಮೆ ಹಿಡಿದುಕೊಂಡ.

ಕೊನೆಯ ದಿಮ್ಮಿ ಇನ್ನೂ ನೆಲದ ಮೇಲಿದೆ. ಅದನ್ನು ಯಾವಾಗ ಎತ್ತಿ ನಿಲ್ಲಿಸಿದರೆಂದು ಕೇಳಬೇಡಿ, ಓದುಗರೇ. ಕೆಂಡ ಆರಿಲ್ಲ. ಸುತ್ತ ನಿಂತವರಲ್ಲಿ ನಾನೂ ಒಬ್ಬ, ನೀವೂ ಒಬ್ಬರು.