ಐತಣ್ಣನ ಗೇಟು

ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಕಾಲಿಟ್ಟ ರತ್ನಾವತಿ ಟೀಚರಿಗೆ ಹಿಂದಿನ ಗೇಟು ಕಾಣಲಿಲ್ಲ. ಶನಿವಾರ ಮಧ್ಯಾಹ್ನ ಇದ್ದ ಗೇಟು. ಅದರ ಜಾಗದಲ್ಲಿ ಇಟ್ಟಿಗೆಯ ಗೋಡೆ ನಿಂತಿತ್ತು. ಹೊಸ ಗೋಡೆಯೂ ಅಲ್ಲ, ಏನಿಲ್ಲವೆಂದರೂ ನಲವತ್ತು ವರ್ಷ ಹಳೆಯದು. ಬುಡದಲ್ಲಿ ಪಾಚಿ, ಮೈಮೇಲೆ ಮಳೆನೀರು ಇಳಿದ ಕರೆ, ಒಂದು ಮೂಲೆಯಲ್ಲಿ ಅರ್ಧ ಹರಿದ ಚುನಾವಣೆ ಪೋಸ್ಟರು. ಟೀಚರು ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಕುಟ್ಟಿದರು. ಟೊಳ್ಳು ಸದ್ದು ಬಂತು. ಪ್ಲೈವುಡ್ಡು.

ಮೆಟ್ಟಿಲ ಮೇಲೆ ಟೀ ಕುಡಿಯುತ್ತ ಕೂತಿದ್ದ ಮೋಹನ್, ಹೊಗಳಿಕೆಗೆ ಕಾಯುವವನ ಹಾಗೆ ಎದ್ದು ನಿಂತ. ಕೋಡಂಬಾಕ್ಕಂನಲ್ಲಿ ಕನ್ನಡ ಪಿಕ್ಚರುಗಳು ತಯಾರಾಗುತ್ತಿದ್ದ ಕಾಲಕ್ಕೆ ಅವನ ಅಪ್ಪ ಮೈಸೂರಿನಿಂದ ಸೆಟ್ಟು ಕಟ್ಟುವ ಬಡಗಿಯಾಗಿ ಬಂದವನು. ಮಗನಿಗೂ ಅದೇ ಕೆಲಸ. ಅರಮನೆ, ಕೋರ್ಟು, ಜೈಲು, ಯಾವುದನ್ನು ಬೇಕಾದರೂ ಎರಡು ದಿನದಲ್ಲಿ ಎಬ್ಬಿಸಿ ಮೂರನೆಯ ದಿನ ಕೆಡವುತ್ತಾನೆ. ಅವನ ಮಗಳು ವೀಕ್ಷಾ ಈ ಕನ್ನಡ ಶಾಲೆಯಲ್ಲೇ ನಾಲ್ಕನೇ ಕ್ಲಾಸು.

“ಶಾಲೆಯ ಒಳಗಿನ ಗೋಡೆಗೆ ಚುನಾವಣೆ ಪೋಸ್ಟರು ಯಾರು ಅಂಟಿಸ್ತಾರೆ ಮಾರಾಯ?” ಎಂದರು ಟೀಚರು.

ಮೋಹನ್ ತಲೆ ಕೆರೆದುಕೊಂಡ. ಗೋಡೆ ಅಂದಮೇಲೆ ಒಂದು ಪೋಸ್ಟರು ಹಾಕಿಯೇ ಅವನಿಗೆ ರೂಢಿ, ಕೈ ತಾನಾಗಿ ಹಾಕಿಬಿಟ್ಟಿತ್ತು.

ಇದು ಶಾಲಾ ಸಮಿತಿಯ ಕಾರ್ಯದರ್ಶಿ ಸುಶಮೀಂದ್ರ ರಾಯರ ಏರ್ಪಾಡು. ನುಂಗಂಬಾಕ್ಕಂನ ಬ್ಯಾಂಕಿನಲ್ಲಿ ಕೆಲಸ, ಒಳ್ಳೆಯ ಮನುಷ್ಯ, ಸ್ವಲ್ಪ ಹೆದರುಪುಕ್ಕಲು. ಶಾಲೆಯ ಮಹಡಿಯ ಸಿಮೆಂಟು ಶೀಟುಗಳು ಹೋದ ವರ್ಷದ ಮಳೆಗೆ ಒಡೆದುಹೋಗಿದ್ದವು. ಜೂನಿನ ಒಳಗೆ ಬದಲಾಯಿಸದಿದ್ದರೆ ನಾಲ್ಕು ಮತ್ತು ಐದನೇ ಕ್ಲಾಸು ಮುಚ್ಚಬೇಕೆಂದು ನೋಟೀಸು ಬಂದಿತ್ತು. ದೊಡ್ಡದೊಂದು ಟ್ರಸ್ಟು ಪೂರಾ ಹೊಸ ಸೂರು, ಟೀಚರ ಊರಿನವರು ಹೇಳುವ ‘ಮಾಡು’, ಹಾಕಿಸಿಕೊಡಲು ಒಪ್ಪಿತ್ತು. ಒಂದೇ ಷರತ್ತು: ಮಕ್ಕಳ ಸುರಕ್ಷತೆಗಾಗಿ ಶಾಲೆಗೆ ಒಂದೇ ಗೇಟು ಇರಬೇಕು, ಹೊರಗಿನವರು ಒಳಗೆ ಬರಬಾರದು. ಹಿಂದಿನ ಗೇಟು ಮುಚ್ಚಲು ಆಗದು ಎಂದು ಟೀಚರು ಪತ್ರ ಬರೆದು ಕೊಟ್ಟಿದ್ದರು. ರಾಯರು ಅದನ್ನು ಕಳಿಸದೆ ಜೇಬಿನಲ್ಲೇ ಇಟ್ಟುಕೊಂಡು ಮೋಹನನ ಮನೆಗೆ ಹೋಗಿದ್ದರು.

“ಒಂದೇ ದಿನ ಮೇಡಂ,” ಎಂದರು ರಾಯರು. “ಮೂರಕ್ಕೆ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ನಾಳೆ ಬೆಳಿಗ್ಗೆ ನಿಮ್ಮ ಗೇಟು ನಿಮಗೆ.”

“ಹಾಗಾದ್ರೆ ಮಾಡನ್ನೂ ಪೇಂಟಿನಲ್ಲೇ ಮಾಡಿಸಿ ರಾಯರೇ. ಟ್ರಸ್ಟು ಎಂತಕ್ಕೆ ಮತ್ತೆ?”

ಇಷ್ಟು ಹೇಳಿದವರು ‘ಬಿಚ್ಚು’ ಎಂದೂ ಹೇಳಬಹುದಿತ್ತು. ಹೇಳಲಿಲ್ಲ. ಮಹಡಿಗೆ ಹೋಗಿ ನೋಡಿದರು. ಶೀಟಿನ ಬಿರುಕುಗಳಿಂದ ಮಾರ್ಚಿನ ಬಿಸಿಲು ಮಕ್ಕಳ ತಲೆ, ನೋಟುಬುಕ್ಕುಗಳ ಮೇಲೆ ಚೂರುಚೂರಾಗಿ ಬಿದ್ದಿತ್ತು. ಮಳೆಗಾಲಕ್ಕೆ ಇಟ್ಟ ಬಕೆಟ್ಟುಗಳನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ಟೀಚರು ಬಾಯಿ ಮುಚ್ಚಿಕೊಂಡು ಕೆಳಗಿಳಿದರು. ಅದೇ ಅವರನ್ನು ಇಡೀ ದಿನ ಕೊರೆಯಿತು.

ಆ ಗೇಟಿನ ಕತೆ ಹೇಳಬೇಕು. ಆರು ವರ್ಷದ ಹಿಂದೆ ಶಾಲೆಯ ಹಿಂಬದಿ ಯಾರಿಗೂ ಬೇಡವಾದ ಬೀದಿ. ಮುಚ್ಚಿದ ಸ್ಟುಡಿಯೋ ಗೋದಾಮುಗಳು, ಕಸದ ರಾಶಿ, ಸಂಜೆಯಾದರೆ ಬಾಟಲಿ ಹಿಡಿದು ಕೂರುವವರು. ಹೆಂಗಸರು ಅರ್ಧ ಮೈಲಿ ಸುತ್ತಿ ಮುಖ್ಯ ರಸ್ತೆಯಲ್ಲೇ ಓಡಾಡುತ್ತಿದ್ದರು. ಶಾಲೆಯಲ್ಲಿದ್ದದ್ದು ಇಪ್ಪತ್ತೊಂಬತ್ತು ಮಕ್ಕಳು. ಆಗ ಒಂದು ದಿನ ಐತಣ್ಣ ಬಂದರು. ವಡಪಳನಿಯ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ಟೇಬಲು ಒರೆಸಿದವರು, ಟೀಚರ ಊರಿನ ಕಡೆಯವರೇ. ಕೆಲಸ ಬಿಡುವಾಗ ಹೋಟೆಲಿನವರು ಕೊಟ್ಟ ದುಡ್ಡನ್ನೆಲ್ಲ ಬಟ್ಟೆಯ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು, ಬೋರ್ಡಿನಲ್ಲಿ ಹೆಸರು ಹಾಕುವುದು ಬೇಡ, ಹಿಂದೆ ಒಂದು ಗೇಟು ಮಾಡಿಸಿ, ಬೀದಿಯವರೂ ಬರಲಿ ಎಂದರು.

“ಮುಂದಿನದ್ದರಷ್ಟೇ ಅಗಲ ಇರ್ಲಿ ಟೀಚರೇ. ಹಿಂದಿನ ಬಾಗಿಲು ಅಂದ್ರೆ ಸಣ್ಣದೇ ಆಗ್ಬೇಕು ಅಂತ ಉಂಟಾ?”

ಊರಿನಲ್ಲಿ ಐತಣ್ಣನ ಜಾತಿಯವರು ಯಾರ ಮನೆಯ ಯಾವ ಬದಿಯಲ್ಲಿ ನಿಂತು ಕೂಗಬೇಕಿತ್ತೆಂದು ರತ್ನಾವತಿಯವರಿಗೆ ಗೊತ್ತಿತ್ತು. ಅಂಥ ಮನೆಗಳಲ್ಲೊಂದು ಅವರ ಅಜ್ಜಿಯದು. ಟೀಚರೇ ಟೇಪು ಹಿಡಿದು ಅಳೆದು ಗೇಟು ಹಾಕಿಸಿದರು. ಉಳಿದ ಹಣದಲ್ಲಿ ಗೇಟಿನ ಮೇಲೊಂದು ದೀಪ, ಒಳಗೊಂದು ನಲ್ಲಿ. ನಾಲ್ಕರಿಂದ ಎಂಟರವರೆಗೆ ಅಂಗಳ ಬೀದಿಯವರದು.

ದೀಪದ ಬೆಳಕಿಗೆ ಮೊದಲು ಬಂದದ್ದು ಗೋದಾಬಾಯಿಯ ಬಜ್ಜಿ ಗಾಡಿ. ಬಜ್ಜಿಗೆ ಜನ ಬಂದರು, ಬಾಟಲಿಯವರು ಜಾಗ ಬಿಟ್ಟರು. ಸೈಕಲ್ ರಿಪೇರಿಯವನು ಬಂದ, ಗೋದಾಮಿನಲ್ಲಿ ಇಬ್ಬರು ಹೆಂಗಸರು ಹೊಲಿಗೆ ಮೆಷಿನ್ನು ಇಟ್ಟರು, ಪಾಳುಬಿದ್ದ ಮನೆಗಳಿಗೆ ಬಾಡಿಗೆಯವರು ಬಂದರು. ದಬಾಯಿಸಿ ಕೇಳುವ ಜನ ಇದ್ದಾರೆಂದ ಮೇಲೆ ಕಸದ ಲಾರಿಯೂ ಬಂತು. ತಮಿಳು, ತೆಲುಗು ಮನೆಯ ಮಕ್ಕಳು ಸೇರಿ ಶಾಲೆಯ ಹಾಜರಿ ನೂರು ದಾಟಿತು. ಐತಣ್ಣ ಇದನ್ನೆಲ್ಲ ಎರಡು ವರ್ಷ ನೋಡಿ ತೀರಿಕೊಂಡರು.

ಮೂರು ಗಂಟೆಗೆ ಟ್ರಸ್ಟಿನಿಂದ ನಿಶ್ಮಿತಾ ಎಂಬ ಹುಡುಗಿ ಬಂದಳು. ಹೋಟೆಲು ನಡೆಸುವ ಕನ್ನಡದವರೊಬ್ಬರ ಮನೆಯವಳೇ, ಹುಟ್ಟಿ ಬೆಳೆದದ್ದು ಇಲ್ಲಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಮಕ್ಕಳ ಜೊತೆ ತಮಿಳು. ಒಡೆದ ಶೀಟುಗಳ ಫೋಟೋ ತೆಗೆದಳು, ಅಂಗಳಕ್ಕೆ ಬಂದಳು, ಫಾರಮಿನಲ್ಲಿ ‘ಗೇಟು’ ಎಂಬಲ್ಲಿ ಒಂದು ಎಂದು ಬರೆದಳು. ಹಿಂದಿನ ಗೋಡೆ ಯಾವ ಕಾಲದ್ದು ಎಂದು ವಿಚಾರಿಸಿದಾಗ ರಾಯರು, ಸ್ಥಾಪಕರ ಕಾಲದ್ದು ಎಂದುಬಿಟ್ಟರು. ಮೋಹನನ ಮುಖ ಅರಳಿತು.

ಅಷ್ಟರಲ್ಲಿ ನಾಲ್ಕರ ಬೆಲ್ಲು ಹೊಡೆಯಿತು. ದಿನವೂ ಆ ಹೊತ್ತಿಗೆ ಬಿಂದಿಗೆ ಹಿಡಿದು ನಲ್ಲಿಗೆ ಬರುವ ಗೋದಾಬಾಯಿ, ಗೋಡೆಯ ಆ ಕಡೆಯಿಂದ ಬಿಂದಿಗೆಯಲ್ಲೇ ಡಬಡಬ ಬಡಿದಳು. ಸ್ಥಾಪಕರ ಕಾಲದ ಗೋಡೆ ಅಲುಗಾಡಿತು.

“ಟೀಚರಮ್ಮಾ,” ಆಕೆಯ ದನಿ ಬಂತು. “ಒಳಗಡೆ ಬಹಳ ಚೆನ್ನಾಗಿ ಪೇಂಟ್ ಮಾಡಿದಾರಂತಲ್ಲ. ನಮ್ಮ ಕಡೆ ಬರೀ ಮೊಳೆ, ಮರದ ರೀಪು, ಮರಳುಚೀಲ. ನಮಗೆ ಬಣ್ಣ ಸಾಲಲಿಲ್ವಾ?”

ಕ್ಯಾಮರಾ ಹೋಗದ ಕಡೆಗೆ ಬಣ್ಣ ಬಳಿದು ಮೋಹನನಿಗೆ ಅಭ್ಯಾಸವಿರಲಿಲ್ಲ. ಅವನು ನೆಲ ನೋಡಿದ. ರಾಯರು ಕರವಸ್ತ್ರ ತೆಗೆದರು. ಟೀಚರಿಗೆ ಐತಣ್ಣ ಟೇಬಲು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೇ ಆಫೀಸಿನ ಬಾಗಿಲಲ್ಲಿ ನಿಂತಿದ್ದದ್ದು ನೆನಪಾಯಿತು. ಬೆಳಿಗ್ಗೆಯೇ ಆಡಬೇಕಿದ್ದ ಮಾತು ಈಗ ಬಂತು.

“ಮೋಹನಾ, ಪ್ಯಾಕಪ್.”

“ಮೇಡಂ, ಮಾಡು...” ಎಂದರು ರಾಯರು.

“ಮಾಡು ನನಗೂ ಬೇಕು. ಬಿಚ್ಚು ಮೋಹನಾ.”

ಮಗಳು ಆ ಒಡೆದ ಶೀಟಿನ ಕೆಳಗೇ ಕೂರುವವಳಾದರೂ ಮೋಹನ್ ಸುತ್ತಿಗೆ ಎತ್ತಿಕೊಂಡ. ಸೆಟ್ಟು ಬಿಚ್ಚುವುದು ಎಷ್ಟು ಹೊತ್ತಿನ ಕೆಲಸ? ಹತ್ತು ನಿಮಿಷದಲ್ಲಿ ಪಾಚಿ, ಕರೆ, ಪೋಸ್ಟರು ಎಲ್ಲ ಅಂಗಳದಲ್ಲಿ ಅಂಗಾತ ಮಲಗಿದವು. ಗೇಟು ತೆರೆಯಿತು. ಬಿಂದಿಗೆಗಳು, ಸ್ಕಿಪ್ಪಿಂಗ್ ಹಗ್ಗಗಳು, ಹೊಲಿಗೆಯ ಹೆಂಗಸರು, ಸೈಕಲ್ ಟಯರು ಉರುಳಿಸುವ ಮಕ್ಕಳು, ಒಟ್ಟಿಗೆ ಒಳನುಗ್ಗಿದರು. ಟೀಚರು ನಿಶ್ಮಿತಾಳ ಕೈ ಹಿಡಿದು ಅದೇ ಗೇಟಿನಿಂದ ಬೀದಿಗೆ ಕರೆದೊಯ್ದು, ಐತಣ್ಣನ ಕತೆ ಹೇಳಿದರು.

“ನಿಮ್ಮ ಟ್ರಸ್ಟಿನ ದುಡ್ಡು ದೊಡ್ಡದು ಮಗಾ. ಆದರೆ ಟೇಬಲು ಒರೆಸಿದವರು ತೆರೆಸಿದ ಗೇಟನ್ನು ಮುಚ್ಚುವಷ್ಟು ದೊಡ್ಡದಲ್ಲ. ಕಾವಲಿಗೆ ಜನ ಬೇಕಾ, ಈ ಬೀದಿಯೇ ಉಂಟು. ಕೊಡುವುದಾದ್ರೆ ಎರಡು ಗೇಟಿನ ಶಾಲೆಗೆ ಕೊಡಿ. ಇಲ್ಲದಿದ್ರೆ ಜೂನಿನಿಂದ ನಾಲ್ಕನೇ ಕ್ಲಾಸು, ಐದನೇ ಕ್ಲಾಸು ಇಲ್ಲೇ ಬೀದಿಯಲ್ಲಿ ಕೂರ್ತದೆ. ನಾನೇ ಪಾಠ ಮಾಡ್ತೇನೆ. ಬಂದು ಫೋಟೋ ತೆಗೀರಿ.”

ನಿಶ್ಮಿತಾ ಫಾರಮು ತಿರುವಿ ನೋಡಿದಳು. ತೀರ್ಮಾನ ತನ್ನ ಕೈಯಲ್ಲಿಲ್ಲ, ಮೇಲಿನವರು ಒಪ್ಪುವುದೂ ಕಷ್ಟ ಎಂದಳು. ಆಮೇಲೆ ಮೋಹನನ ಟೇಪು ಈಸಿಕೊಂಡು ಗೇಟಿನ ಅಗಲ ಅಳೆದಳು, ಮುಂದಿನ ಗೇಟಿಗೆ ಹೋಗಿ ಅದನ್ನೂ ಅಳೆದು ಬಂದಳು. ಫಾರಮಿನಲ್ಲಿ ಬರೆದಿದ್ದ ಒಂದನ್ನು ಹೊಡೆದುಹಾಕಿದಳು.

“ಎರಡು, ಆಂಟಿ,” ಎಂದಳು, ಆ ಮಧ್ಯಾಹ್ನದ ಮೊದಲ ಕನ್ನಡದಲ್ಲಿ. “ಎರಡೂ ಒಂದೇ ಸೈಜ್ ಅಂತ ಬರೀತೀನಿ.”

ಅವಳು ಹೋದ ಮೇಲೆ ಪ್ಲೈವುಡ್ಡನ್ನು ಏನು ಮಾಡಲಿ ಎಂದು ಮೋಹನ್ ಕೇಳಿದ. ನೆಲಕ್ಕೆ ಕೂತು ಬರೆಯುವ ಡೆಸ್ಕು ಮಾಡು ಎಂದರು ಟೀಚರು, ನಾಲ್ಕು ಮತ್ತು ಐದನೇ ಕ್ಲಾಸಿನ ನಲವತ್ತಾರು ಮಕ್ಕಳಿಗೆ.

“ಈ ಸಲ ನಿಲ್ಲೋ ಹಾಗೆ ಮಾಡ್ತೀನಿ ಟೀಚರ್. ಪಾಚಿ ಅಳಿಸಲಾ?”

“ಇರ್ಲಿ.”

ಜೂನಿಗೆ ಇನ್ನೂ ಮೂರು ತಿಂಗಳಿದೆಯಲ್ಲ ಎಂದು ರಾಯರು ಗೊಣಗಿದರು, ಗೊಣಗುತ್ತಲೇ ಹಲಗೆಯ ಒಂದು ತುದಿ ಹಿಡಿದುಕೊಂಡರು. ಗೋದಾಬಾಯಿ ಯಾರೂ ಹೇಳದೆಯೇ ಗಾಡಿಯ ಚಕ್ರದ ಕಲ್ಲು ಒದ್ದು ತೆಗೆದು, ನಾಲ್ಕನೇ ಕ್ಲಾಸಿಗೆ ಎಷ್ಟು ಜಾಗ ಬೇಕಾದೀತೆಂದು ಕಣ್ಣಳತೆ ಮಾಡಿ, ಗಾಡಿಯನ್ನು ಅಷ್ಟು ಹಿಂದಕ್ಕೆ ತಳ್ಳಿದಳು.