ಬಾಗಿಲ ಹೊರಗಿದ್ದ ರತ್ನಗಂಬಳಿ

ಏಳನೆಯ ದಿನದ ಹಲ್ವಾ ಹಂಚಿ ಮುಗಿದ ಮರುದಿನ ಬೆಳಿಗ್ಗೆ ಅಳುವವರು ಯಾರೂ ಬರಲಿಲ್ಲ. ಚಹಾ ಕಾಯಿಸಿದೆ. ಕುಡಿದೆ. ಆಮೇಲೆ ತೀರಿಹೋದ ನನ್ನ ಗಂಡ ಹೂಮನ್‌ನ ಅಕ್ಕ ಎಸ್ಮತ್ ಅತ್ತಿಗೆ ಬಂದರು. ಕೈಯಲ್ಲಿ ಬ್ಲೀಚ್ ಬಾಟಲಿ.

"ತೂಬಾ ದೊಡ್ಡಮ್ಮ ಮತ್ತೆ ಫೋನ್ ಮಾಡಿದ್ರು. ರತ್ನಗಂಬಳಿ ಇವತ್ತೇ ಬೇಕಂತೆ. ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕು ನೌಶಿನ್, ಕಲೆ ಮಂಗಮಾಯ."

ನಾನು ಬಾಟಲಿಯನ್ನೇ ನೋಡಿದೆ.

"ಹಾಗೆ ನೋಡ್ಬೇಡ. ಇದರ ತಪ್ಪಲ್ಲ. ಅವನು ಆ್ಯಸಿಡ್ ಬೆರೆಸಿದ್ದಕ್ಕೆ ಹಾಗಾಯ್ತು. ಡಾಕ್ಟರೇ ಹೇಳಿದ್ರಲ್ಲ."

ಹೇಳಿದ್ದರು. ಹೊಸ ಮನೆಯ ಮೊದಲ ಊಟಕ್ಕೆಂದು ಹೂಮನ್ ದೊಡ್ಡಮ್ಮನ ರತ್ನಗಂಬಳಿಯನ್ನು ಎರವಲು ತಂದಿದ್ದ. ಯಾರೋ ಚೆರ್ರಿ ಶರಬತ್ತು ಚೆಲ್ಲಿದರು. ಮರುದಿನ ನಾನು ಕೆಲಸಕ್ಕೆ ಹೋದ ಮೇಲೆ ಅವನು ಆ ಅಂಚನ್ನು ಬಚ್ಚಲಲ್ಲಿ ತೊಳೆದು, ಪಕ್ಕದ ನಡುಮನೆಯಲ್ಲಿ ಹರಡಿದ. ಕೆಂಪಾದ ಬಚ್ಚಲನ್ನು ತಿಕ್ಕಲು ಒಳಗೆ ಹೋದ. ಬ್ಲೀಚ್ ಸಾಲದೆ ಆ್ಯಸಿಡನ್ನೂ ಸುರಿದ. ವಿಷದ ಹೊಗೆ ಎದ್ದಿತು. ಬಾಗಿಲು ಮುಚ್ಚಿತ್ತು.

ಮಣ್ಣು ಮಾಡಿ ಬಂದ ಸಂಜೆ ದೊಡ್ಡಮ್ಮ ನನ್ನನ್ನು ತಬ್ಬಿಕೊಂಡು ಕೇಳಿದ್ದರು: "ರತ್ನಗಂಬಳಿಗೇನೂ ಆಗಿಲ್ಲ ತಾನೆ?"

ಆಗಬಾರದು. ಅವನು ಕೊನೆಗೆ ಮಾಡಿದ ಕೆಲಸ ಅದು.

"ಉಣ್ಣೆ ಅಂದ್ರೆ ಕೂದಲು ಅತ್ತಿಗೆ. ಬ್ಲೀಚ್ ಅದನ್ನ ತಿಂದುಹಾಕುತ್ತೆ. ಬಟ್ಟೆ ಒಗೆಯೋ ಪುಡಿಯೂ ಬೇಡ, ಕ್ಷಾರ ಜಾಸ್ತಿ."

"ನಮ್ಮಮ್ಮ ಗಂಬಳಿ ಅಂಚಿನ ಕುಚ್ಚು ಬೆಳ್ಳಗೆ ಮಾಡ್ತಿದ್ದಿದ್ದೇ ಇದರಲ್ಲಿ."

"ಕುಚ್ಚು ಹತ್ತಿ. ಅದು ತಡ್ಕೊಳ್ಳುತ್ತೆ."

"ಓಹೋ, ಕೆಮಿಸ್ಟ್ರಿ ಮೇಡಂ! ಇಷ್ಟು ಓದಿದವಳ ಮನೇಲೇ ನನ್ನ ತಮ್ಮ ಹೀಗೆ ಹೋದ."

ಬಾಟಲಿಯನ್ನು ಹೊಸ್ತಿಲಾಚೆ ಇಟ್ಟೆ. ಸೀಗೆಯಂತೆ ಮೆತ್ತಗೆ ತೊಳೆಯುವ ಚೂಬಕ್ ಬೇರಿನ ಪುಡಿಯನ್ನು ತಣ್ಣೀರಿನಲ್ಲಿ ಕಲಕಿ ನೊರೆ ಎಬ್ಬಿಸಿದೆ. ಮೊದಲು ಹಿಂಬದಿಯ ಮೂಲೆಗೆ ಒಂದಿಷ್ಟು ಹಚ್ಚಿ ಬಿಳಿ ಬಟ್ಟೆ ಒತ್ತಿ ನೋಡಿದೆ, ಬಣ್ಣ ಬಿಡಲಿಲ್ಲ. ಕಲೆಯ ಮೇಲೆ ನೊರೆ ಹಚ್ಚಿ, ಉಜ್ಜದೆ ಒತ್ತಿ ಒತ್ತಿ ತೆಗೆದೆ. ಕಡೆಯಲ್ಲಿ ತುಸು ವಿನೆಗರ್ ಬೆರೆಸಿದ ನೀರು. ಅವನು ಅರ್ಧ ತೆಗೆದಿದ್ದ. ಉಳಿದದ್ದು ತೆಳ್ಳಗಾಯಿತು, ಪೂರ್ತಿ ಹೋಗಲಿಲ್ಲ.

"ದೊಡ್ಡಮ್ಮನ ಕಣ್ಣು ನಿಂಗೆ ಗೊತ್ತಿಲ್ಲ," ಎಂದರು ಅತ್ತಿಗೆ.

ನೆರಳಲ್ಲಿ ಒಣಗಿದ ಮೇಲೆ, ಸಂಜೆ, ಇಬ್ಬರೂ ಅದನ್ನು ಸುತ್ತಿ ಕಾಶಾನ್ ಬಜಾರಿನ ಹಿಂದಿನ ದೊಡ್ಡಮ್ಮನ ಮನೆಗೆ ಹೊತ್ತೊಯ್ದೆವು.

ದೊಡ್ಡಮ್ಮ ಮಂಡಿಯೂರಿ ಎಳೆ ಬಿಡಿಸಿ ನೋಡಿದರು. ಮೂಗು ಹತ್ತಿರ ಒಯ್ದು ಮೂಸಿದರು.

"ಚೂರು ಕೆಂಪು ಉಳಿದಿದೆ. ಇರಲಿ. ಉಣ್ಣೆಗೆ ಜೀವ ಇದೆ. ಬ್ಲೀಚಿನ ವಾಸನೆಯೂ ಇಲ್ಲ." ಬಳಿಕ ಕಣ್ಣೊರೆಸಿಕೊಂಡರು. "ಪಾಪದವನು. ಬಾಗಿಲಾದ್ರೂ ತೆಗೆದಿಡಬಾರದಿತ್ತಾ?"

"ಬಾಗಿಲ ಹೊರಗೆ ಇದು ಇತ್ತಲ್ಲ ದೊಡ್ಡಮ್ಮ. ಹೊಗೆ ಉಣ್ಣೆಗೆ ತಾಗಬಾರದು ಅಂತ ಮುಚ್ಚಿಕೊಂಡ."

ಅತ್ತಿಗೆ ಗೋಡೆ ನೋಡಿದರು. ದೊಡ್ಡಮ್ಮ ರತ್ನಗಂಬಳಿಯನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು.

"ಅವತ್ತು ಇದನ್ನ ಕಟ್ಟಿ ಕೊಟ್ಟಿದ್ದ ಹಗ್ಗ?" ಎಂದರು.

ಚೀಲದಿಂದ ತೆಗೆದು ಕೊಟ್ಟೆ.